ಅರಸಾಳು, ಎರಡು ನಿಮಿಷ

ಬಾಲಮಂದಿರದ ಕಚೇರಿಯಲ್ಲಿ ಫರೀದಾ ಮೇಡಂ ಕೇಳಿದರು:
ನೀವು ಅವರ ಮಗಳು ಅನ್ನೋದಕ್ಕೆ ಏನಿದೆ?
ಮರಣ ಪ್ರಮಾಣಪತ್ರ ಕೊಟ್ಟೆ. ಪಡಿತರ ಚೀಟಿ ಕೊಟ್ಟೆ.
ಈ ಮೂಗು ಕೊಡಲಾಗಲಿಲ್ಲ,
ಉಣ್ಣುವಾಗ ಎಡಗೈಯಿಂದ ತಟ್ಟೆಯ ಅಂಚು
ಬಿಗಿಯಾಗಿ ಹಿಡಿದುಕೊಳ್ಳುವ ಈ ಚಾಳಿ
ಕೊಡಲಾಗಲಿಲ್ಲ.

ಮೂರನೇ ಸಲ ಹೋದಾಗ ಸಿಕ್ಕಿತು ದಾಖಲಾತಿ ಪುಸ್ತಕ.
ಗೆದ್ದಲು ಒಂದು ಮೂಲೆಯಿಂದ ಓದುತ್ತಾ ಬಂದು
ಐವತ್ತಾರನೇ ಇಸವಿಯ ಹತ್ತಿರ ನಿಲ್ಲಿಸಿತ್ತು.
ನೀಲಿ ಶಾಯಿ, ಓರೆ ಅಕ್ಷರ:

ಕ್ರಮ ಸಂಖ್ಯೆ ೧೧೮. ಹೆಸರು: ಚೌಡ.
ವಯಸ್ಸು: ಸುಮಾರು ಐದು.
ತಂದೆ: ತಿಳಿಯದು. ಜಾತಿ: ತಿಳಿಯದು
(ಆಮೇಲೆ ಯಾರೋ ಕೆಂಪಿನಲ್ಲಿ ಏನೋ ಬರೆದು, ಹೊಡೆದು ಹಾಕಿದ್ದಾರೆ).
ತಾಳಗುಪ್ಪ ಗಾಡಿಯಲ್ಲಿ ಒಂಟಿಯಾಗಿ ಸಿಕ್ಕಿದ್ದು, ಗಾರ್ಡು ತಂದೊಪ್ಪಿಸಿದ್ದು.
ತಾಯಿ: ಅರಸಾಳಿನಲ್ಲಿ ನೀರು ತರಲು ಇಳಿದಳೆಂದು ಮಗು ಹೇಳುತ್ತದೆ.

ಹೇಳುತ್ತದೆ. ಹೇಳಿತು ಅಲ್ಲ.
ಆ ಗುಮಾಸ್ತ ಯಾರೋ, ವ್ಯಾಕರಣ ತಪ್ಪಿದನೋ,
ಇಲ್ಲ, ಅವನು ಬರೆಯುವಾಗಲೂ ಹುಡುಗ
ಮೇಜಿನ ಅಂಚಿಗೆ ಗಲ್ಲ ಇಟ್ಟುಕೊಂಡು
ಅದನ್ನೇ ಹೇಳುತ್ತಿದ್ದನೋ.

ನಮಗೆ ಅಪ್ಪ ಎಚ್. ಚೌಡಪ್ಪ, ಕೆಇಬಿ ಲೈನ್‌ಮನ್.
ಎಚ್ ಅಂದರೆ ಹುಚ್ಚರಾಯಪ್ಪ, ನಮ್ಮ ತಾತ,
ಶಿಕಾರಿಪುರದ ಕಡೆಯವರು, ನಾವು ಹುಟ್ಟುವ ಮುಂಚೆಯೇ ತೀರಿಕೊಂಡವರು.
ಮದುವೆ ಪತ್ರಿಕೆಯಲ್ಲೂ ಹಾಗೇ ಅಚ್ಚಾಗಿದೆ.
ಅಜ್ಜಿಯ ಹೆಸರು ಕೇಳಿದರೆ ಮಾತ್ರ
ಅಪ್ಪನಿಗೆ ಯಾವುದೋ ಕಂಬದ ಫ್ಯೂಸು ನೆನಪಾಗುತ್ತಿತ್ತು.

ಮೇಡಂ ಇನ್ನೊಂದು ಕಟ್ಟು ಬಿಚ್ಚಿದರು, ಸಂಬಳದ್ದು.
ಹುಚ್ಚರಾಯಪ್ಪ, ಅಡುಗೆಯವ, ಮೂವತ್ತೆಂಟು ರೂಪಾಯಿ.
ಅರವತ್ತೇಳರ ಫೆಬ್ರವರಿಯಲ್ಲಿ ಕಡಿತ ಹನ್ನೊಂದು,
ಚೌಡನ ಪರೀಕ್ಷೆ ಶುಲ್ಕದ ಬಾಬ್ತು.
ಪಕ್ಕದಲ್ಲಿ ಹೆಬ್ಬೆಟ್ಟು.
ಒಲೆಯ ಮುಂದೆ ಸವೆದ ಬೆರಳು, ಗೆರೆಯೊಂದೂ ಮೂಡಿಲ್ಲ,
ಬರೀ ಕಪ್ಪು.

ಸಂಬಂಧ ಏನಂತ ಬರ್ಕೊಳ್ಳಿ? ಅಂದರು ಮೇಡಂ,
ಪೆನ್ನು ಹಿಡಿದು ಕಾದರು,
ಆಮೇಲೆ ನನ್ನ ಮುಖ ನೋಡಿ ಚಹಾ ತರಿಸಿದರು.
ತಾತ ಅಂತಲೇ ಬರೆಯಿರಿ, ಅಂದೆ.

ಮಹಾಲಯ ಅಮಾವಾಸ್ಯೆಗೆ ಅಪ್ಪ ಎರಡು ಎಲೆ ಹಾಸುತ್ತಿದ್ದ.
ಒಂದು ತಾತನಿಗೆ: ಅನ್ನ, ವಡೆ, ಕಡಲೆಬೇಳೆ ಪಾಯಸ, ಒಂದು ಕಟ್ಟು ಬೀಡಿ.
ಇನ್ನೊಂದಕ್ಕೆ ಏನೂ ಬಡಿಸುತ್ತಿರಲಿಲ್ಲ.
ಖಾಲಿ ಎಲೆ, ಖಾಲಿ ಲೋಟ.
ಎಲೆ ಒಂದು ಹೆಚ್ಚಾಯ್ತು ಕಣೆ, ಅನ್ನುತ್ತಿದ್ದ.
ಪ್ರತಿ ವರ್ಷ ಒಂದೇ ಹೆಚ್ಚಾಗುತ್ತಿತ್ತು.

ಎಡೆ ಇಡುವುದು ಹೋದವರಿಗೆ.
ನೀರಿಗೆಂದು ಇಳಿದವಳು ಹೋದವಳೋ ಅಲ್ಲವೋ,
ಎಪ್ಪತ್ತು ದಾಟಿದರೂ ಅಪ್ಪ ತೀರ್ಮಾನ ಮಾಡಿರಲಿಲ್ಲ.

ಹೋದ ಸೋಮವಾರ ಅರಸಾಳಿನಲ್ಲಿ ಇಳಿದೆ.
ಹಳಿ ಅಗಲವಾಗಿದೆ. ಪ್ಲಾಟ್‌ಫಾರಂ ಹೊಸದು.
ನಲ್ಲಿ ತಿರುಗಿಸಿದರೆ ಗಾಳಿ ಬಂತು.
ಆಗ ಬಾವಿ ಎಲ್ಲಿತ್ತಮ್ಮ ಎಂದು ಸೌತೆಕಾಯಿ ಮಾರುವ ಮುದುಕಿಯನ್ನು ಕೇಳಿದೆ.
ಮುಚ್ಚಿಹಾಕಿದ್ರು, ಎಂದು ಚಾಕು ಹಿಡಿದ ಕೈಯಲ್ಲೇ ತೋರಿಸಿದಳು.
ನಡೆದು ನೋಡಿದೆ, ಗಡಿಯಾರ ನೋಡಿಕೊಂಡು.
ಹೋಗಿ ಬರಲು ನಾಲ್ಕು ನಿಮಿಷ.
ಓಡಿದರೆ ಮೂರು.
ಹಗ್ಗ ಸೇದುವುದನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ.
ಗಾಡಿ ಆಗಲೂ ಎರಡೇ ನಿಮಿಷ ನಿಲ್ಲೋದು,
ಅಂದಳು ಮುದುಕಿ, ಉಪ್ಪು ಖಾರ ಸವರುತ್ತಾ.

ಈ ಸಲ ಮೂರು ಎಲೆ.
ಅಮ್ಮ ಮೆಲ್ಲಗೆ ಕೇಳಿದಳು:
ಆಯಮ್ಮನಿಗೀಗ ತೊಂಬತ್ತು ಮೀರಿರಬೇಕು,
ಬಡಿಸಿಬಿಡೋಣವೇನೆ?
ಸೌಟು ನನ್ನ ಕೈಯಲ್ಲೇ ಇತ್ತು.
ಅಪ್ಪನಿಗೆ ಬಡಿಸಿದೆ. ಹುಚ್ಚರಾಯಪ್ಪನಿಗೆ ಬಡಿಸಿದೆ.
ಮೂರನೆಯದರ ಮುಂದೆ ಬಗ್ಗಿ
ವಾಲಿದ್ದ ಲೋಟವನ್ನಷ್ಟೇ
ನೆಟ್ಟಗೆ ನಿಲ್ಲಿಸಿದೆ.