ಕಣ್ಣಿಗೆ ಎಣ್ಣೆ

ಟೂಸಾನಿನ ಗಾಳಿಗೆ ಬಾಯಾರಿಕೆ ಜಾಸ್ತಿ.
ಒಗೆದು ಹರವಿದ ಅಂಗಿ ಹತ್ತು ನಿಮಿಷಕ್ಕೆ ಹಪ್ಪಳ,
ತೊಳೆದ ಕೈ ಒರೆಸುವ ಮೊದಲೇ ಒಣಗಿರುತ್ತದೆ.
ಹದಿನೆಂಟು ವರ್ಷ ಅದು ನನ್ನ ಕಣ್ಣನ್ನೂ
ಕೇಳದೆಯೇ ಕುಡಿಯುತ್ತಿತ್ತು. ನನಗೆ ಗೊತ್ತಿರಲಿಲ್ಲ.

ನನ್ನದು ಗಡಿಯಾರ ರಿಪೇರಿ.
ಕೂದಲೆಳೆಯಂಥ ಸ್ಪ್ರಿಂಗು, ಸಾಸಿವೆಗಿಂತ ಚಿಕ್ಕ ತಿರುಪು,
ಉಸಿರು ಬಿಟ್ಟರೆ ಹಾರಿಹೋಗುವ ಚಕ್ರ.
ಆ ಹೊತ್ತಿಗೆ ರೆಪ್ಪೆ ಬಡಿಯುವುದೂ ಒಂದು ದುಂದು.
ದೇವತೆಗಳು ಬಡಿಯುವುದೇ ಇಲ್ಲವಂತೆ, ಅನಿಮಿಷರು.
ಅವರ ಊರಿನಲ್ಲಿ ಮರಳುಗಾಡು ಇರಲಿಕ್ಕಿಲ್ಲ.

ಹೋದ ವರ್ಷ ಮಾರ್ಚಿನಲ್ಲಿ ಎಲಾಡಿಯೋ ಕಿಹಾದಾ ತೀರಿಕೊಂಡ.
ಅಂಗಡಿ ಅವನದು, ಕಸುಬು ಕಲಿಸಿದವನೂ ಅವನೇ.
ಸಂಬಳದ ಮಾತಿಗೆ ಮುನಿದು
ಆರು ವಾರದಿಂದ ನಾವು ಮಾತು ಬಿಟ್ಟಿದ್ದೆವು.
ಸ್ಮಶಾನದಲ್ಲಿ ಗಾಳಿ, ಗಾಳಿಯಲ್ಲಿ ಮರಳು,
ನನ್ನ ಎರಡೂ ಕಣ್ಣು ಧಾರಾಕಾರ.
ಅವನ ಹೆಂಡತಿ ಒಫೀಲಿಯಾ ನನ್ನ ಕೈ ಹಿಡಿದು
"ನನ್ನ ಮಕ್ಕಳೂ ಇಷ್ಟು ಅಳಲಿಲ್ಲ" ಅಂದಳು.
ಕರವಸ್ತ್ರದ ಹಿಂದೆ ಅಡಗಿಕೊಂಡೆ.
ಇದು ಗಾಳಿ ಕಣಮ್ಮಾ ಎಂದು
ಅಂಥ ಹೊತ್ತಿನಲ್ಲಿ ಯಾವ ಬಾಯಿ ಹೇಳುತ್ತದೆ?

ಡಾಕ್ಟರು ಕೆಳರೆಪ್ಪೆಗೆ ಕಾಗದದ ಪಟ್ಟಿ ಸಿಕ್ಕಿಸಿ
ಐದು ನಿಮಿಷ ಕಣ್ಣು ಮುಚ್ಚಿಸಿದರು.
ನಾಲ್ಕು ಮಿಲಿಮೀಟರ್ ಒದ್ದೆ.
ಐವತ್ತೇಳು ವರ್ಷದ ಬಾಳಿಗೆ ನಾಲ್ಕು ಮಿಲಿಮೀಟರ್!
"ಮತ್ತೆ ಆ ಪಾಟಿ ಸುರಿಯುತ್ತದಲ್ಲ?"
"ಅದು ಗಾಬರಿಯ ನೀರು. ಒಣಗಿದ ಕಣ್ಣು ಹಾಕುವ ಬೊಬ್ಬೆ.
ನಿಲ್ಲುವುದಿಲ್ಲ, ಹರಿದುಹೋಗುತ್ತದೆ.
ನಿಮಗೆ ಬೇಕಾದದ್ದು ಅಳುವಲ್ಲ, ಪಸೆ."
ಪಸೆ ಎಂಬ ಮಾತು ಅವರದಲ್ಲ;
ಅವರ ಇಂಗ್ಲಿಷು ನನ್ನೊಳಗೆ ಹಾಗೆ ಇಳಿಯಿತು.

ವಿಮೆಯವರು ಮೊದಲು ಒಲ್ಲೆ ಎಂದರು,
ಎರಡು ಪತ್ರ ಹೋದ ಮೇಲೆ ಹ್ಞೂಂ ಎಂದರು.
ಬಂದವು, ಕಿರುಬೆರಳ ತುದಿಯಷ್ಟು ಪ್ಲಾಸ್ಟಿಕ್ ಕುಪ್ಪಿಗಳು,
ಒಳಗೆ ಅಕ್ಕಿ ತೊಳೆದ ನೀರಿನ ಬಣ್ಣ.
ಚೀಟಿಯ ಇರುವೆಯಕ್ಷರಕ್ಕೆ ಭೂತಗನ್ನಡಿ ಹಿಡಿದೆ:
ಹರಳೆಣ್ಣೆ ಇದೆಯಂತೆ ಅದರಲ್ಲಿ.
ಶನಿವಾರ ಶನಿವಾರ ನೆತ್ತಿಗೆ ತಟ್ಟಿಸಿಕೊಂಡು
ಸೀಗೆಪುಡಿಯ ಉರಿಗೆ ಬಚ್ಚಲಿಂದ ಓಡುತ್ತಿದ್ದವನು ನಾನು;
ಅದೇ ಎಣ್ಣೆ ಬಿಳಿ ಕೋಟು ತೊಟ್ಟು
ಇಲ್ಲಿಯವರೆಗೂ ಹುಡುಕಿಕೊಂಡು ಬಂದಿದೆ.

ನನ್ನ ಕೈಯನ್ನು ನನ್ನ ಕಣ್ಣು ನಂಬುವುದಿಲ್ಲ.
ಮೊದಲ ಹನಿ ಮೂಗಿಗೆ, ಎರಡನೆಯದು ಮೀಸೆಗೆ.
ನಾಗವೇಣಿ ಕುಪ್ಪಿ ಕಿತ್ತುಕೊಂಡು "ಮೇಲೆ ನೋಡಿ" ಅಂದಳು.
ಅಂದಿನಿಂದ ಬೆಳಿಗ್ಗೆಗೊಮ್ಮೆ ರಾತ್ರಿಗೊಮ್ಮೆ ಮೇಲೆ ನೋಡುತ್ತೇನೆ:
ಫ್ಯಾನು, ಅವಳ ಗದ್ದ, ಗದ್ದದ ಕೆಳಗೆ
ಮೂವತ್ತು ವರ್ಷ ನನಗೆ ಕಾಣದೇ ಹೋದ ಒಂದು ಮಚ್ಚೆ.
ಆಮೇಲೆ ಉರಿ.
"ಮೆಣಸಿನಕಾಯಿ ಹೆಚ್ಚಿದ ಕೈಯೇನೇ?"
"ಸುಮ್ಮನಿರಿ. ಮೂರು ತಿಂಗಳು ಕಾಯಬೇಕಂತೆ."

ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುವುದು
ಅಂದರೆ ಇದೇ ಇರಬೇಕು.
ನಾವು ಬರಿ ಮಾತಿಗೆ ಅಂದದ್ದನ್ನು
ಯಾರೋ ಪೇಟೆಂಟ್ ಮಾಡಿಸಿದ್ದಾರೆ.

ಮತ್ತೆ ಮಾರ್ಚ್. ಅದೇ ಗೋರಿ, ಅದೇ ಗಾಳಿ.
ಕಣ್ಣು ತಣ್ಣಗಿತ್ತು.
ಕಲ್ಲಿನ ಮೇಲಿನ ಹೆಸರು, ತಾರೀಖು,
ಪ್ಲಾಸ್ಟಿಕ್ ಹೂವಿನಲ್ಲಿ ಮೋಸಹೋದ ಇರುವೆ, ಎಲ್ಲ ನಿಚ್ಚಳ.
ಒಫೀಲಿಯಾ ನನ್ನ ಮುಖವನ್ನು ಒಮ್ಮೆ ನೋಡಿದಳು,
ಇನ್ನೊಮ್ಮೆ ನೋಡಿದಳು,
ಬಗ್ಗಿ ಹೂವು ಸರಿಮಾಡತೊಡಗಿದಳು.
ಏನು ಹೇಳಲಿ, ಔಷಧಿಯ ಹೆಸರೇ?

ಸಂಜೆ ಅಂಗಡಿಯಲ್ಲಿ ಎಲಾಡಿಯೋನ ಭೂತಗನ್ನಡಿ
ಕಣ್ಣಿಗೆ ಸಿಕ್ಕಿಸಿಕೊಂಡೆ.
ಅಂಚು ಅವನ ಹುಬ್ಬಿನ ಲೆಕ್ಕಕ್ಕೆ ಸವೆದಿದೆ,
ನನಗೆ ಸರಿಯಾಗಿ ಕೂರುವುದಿಲ್ಲ.
ಆರು ವಾರ. ಒಂದು ಕಾಫಿಗೆ ಕರೆದಿದ್ದರೂ ಆಗುತ್ತಿತ್ತು.
ಗಾಜಿಗೆ ಒಳಗಿನಿಂದ ಮಂಜು ಹಿಡಿಯಿತು.
ರೆಪ್ಪೆ ಬಡಿದೆ.
ಎಷ್ಟು ಮಿಲಿಮೀಟರ್ ಎಂದು ನೋಡಲು ಹೋಗಲಿಲ್ಲ.

ಒಂಬತ್ತಕ್ಕೆ ಮನೆ ಸೇರಬೇಕು.
ಮೇಲೆ ನೋಡಬೇಕು.