ಆರು ನಿಮಿಷದ ಬಿಸಿಲು

ಹಾರ್ಟಲ್‌ಪೂಲ್, ನವೆಂಬರ್. ಮಧ್ಯಾಹ್ನ ಮೂರೂವರೆಗೇ
ಬೀದಿದೀಪ ಹತ್ತಿಕೊಂಡಿವೆ.
ಕೌನ್ಸಿಲ್ಲಿನ ಕಾರಿನಲ್ಲಿ ನಾವಿಬ್ಬರೇ:
ನಾನು, ಮತ್ತು ಬ್ರೈಯನಿ ಸ್ಟಾಬ್ಸ್,
ವಯಸ್ಸು ಹದಿನೈದು ವರ್ಷ, ತಿಂಗಳು ಹತ್ತು.
ಅಮ್ಮ ಸಹಿ ಹಾಕಿದ ಒಪ್ಪಿಗೆ ಪತ್ರ ಕಡತದಲ್ಲಿದೆ.
ಐದು ಪೌಂಡಿನ ನೋಟಿನ ಸಂಖ್ಯೆ ಬರೆದುಕೊಂಡಿದ್ದೇನೆ.

ಮತ್ತೊಮ್ಮೆ ಹೇಳು, ಅಂದೆ. ಗಿಣಿಪಾಠ ಒಪ್ಪಿಸಿದಳು:
ತುಟಿಗೆ ಬಣ್ಣ ಹಚ್ಚಬಾರದು. ದೊಡ್ಡವಳಂತೆ ನಟಿಸಬಾರದು.
ವಯಸ್ಸು ಕೇಳಿದರೆ ನಿಜ ಹೇಳಬೇಕು.
ಕೇಳದಿದ್ದರೆ ದುಡ್ಡು ಕೊಟ್ಟು
ಟೋಕನ್ ತೆಗೆದುಕೊಂಡು ಬಂದುಬಿಡಬೇಕು.
ಮಲಗಬಾರದು.
"ಅಷ್ಟೇನಾ?"
ಅಷ್ಟೇ.

ಎದುರಿಗೆ ಅಂಗಡಿ. ಗಾಜಿನ ಮೇಲೆ ಪ್ಲಾಸ್ಟಿಕ್ಕಿನ ತಾಳೆಮರ,
ಒಂದು ಗರಿ ಕಿತ್ತು ಬರೀ ಅಂಟು ಉಳಿದಿದೆ.
ಬಾಗಿಲಿಗೆ ಕಾನೂನು, ನಮ್ಮ ಇಲಾಖೆಯದೇ ಅಚ್ಚು:
ಹದಿನೆಂಟು ತುಂಬದವರಿಗೆ ಪ್ರವೇಶವಿಲ್ಲ.
ಬಿಸಿಲಿಗೆ ಅದೂ ಮಾಸಿದೆ.
ಯಾವ ಬಿಸಿಲಿಗೋ, ಈ ಊರಿನಲ್ಲಿ.

ಅವಳು ಹೋದಳು. ಗಡಿಯಾರ ನೋಡುತ್ತ ಕೂತೆ.
ಭುಜದ ಹಿಂದೆ, ಕಾಸಗಲದ ಗುಳಿ,
ಹನ್ನೊಂದು ವರ್ಷದ ಕೆಳಗೆ ವೈದ್ಯರು ಕೆತ್ತಿ ತೆಗೆದ ಜಾಗ,
ಸೀಟಿಗೆ ಉಜ್ಜಿ ನವೆಯೆದ್ದಿತು.
ನಾನೂ ಒಂದು ಕಾಲಕ್ಕೆ
ಶಾಲೆಯ ಕೊನೆಯ ಡ್ಯಾನ್ಸಿಗೆಂದು
ವಾರಕ್ಕೆ ಮೂರು ಸಲ ಆ ಹಂಚಿನ ಮೇಲೆ ಮಲಗಿದವಳು,
ಒಂದು ಮಗ್ಗುಲು ಬೆಂದಿತೆಂದು ಇನ್ನೊಂದಕ್ಕೆ ಹೊರಳಿದವಳು.
ಆಗ ಯಾರೂ ವಯಸ್ಸು ಕೇಳುತ್ತಿರಲಿಲ್ಲ.
ಕೇಳಬೇಕೆಂಬ ಕಾನೂನೂ ಇರಲಿಲ್ಲ.

ಬಂದಳು. ಅಂಗೈ ಬಿಚ್ಚಿದಳು: ಹಿತ್ತಾಳೆಯ ಟೋಕನ್,
ಜೊತೆಗೆ, ಇದು ಪಾಠದಲ್ಲಿರಲಿಲ್ಲ,
ಒಂದು ಪುಟ್ಟ ಕಪ್ಪು ಕನ್ನಡಕ.
"ಕೇಳಲಿಲ್ಲ. ಆದರೆ ತುಂಬಾ ಒಳ್ಳೆಯವರು.
ಮೊದಲ ಸಲಾನಾ ಪುಟ್ಟಾ, ಅಂದರು.
ಹಾಲಿನಂಥ ಚರ್ಮ, ಸುಟ್ಟೀತು, ಆರೇ ನಿಮಿಷ, ಅಂದರು.
ಕನ್ನಡಕಕ್ಕೆ ಕಾಸು ತೊಗೊಳ್ಳಲಿಲ್ಲ."

ಚೀಲದೊಳಗೆ ಟೋಕನ್. ಚೀಲದೊಳಗೆ ಕನ್ನಡಕ.
ಮೊಹರು. ವೇಳೆ. ಸಹಿ.
ನಮೂನೆಯಲ್ಲಿ ಅಕ್ಕರೆಗೆ ಕಲಂ ಇಲ್ಲ.
'ಇತರೆ' ಎಂಬಲ್ಲಿ ಬರೆದೆ: ಆರು ನಿಮಿಷವೆಂದು ಎಚ್ಚರಿಸಿದರು.
ಅದು ಆಕೆಯ ಪರವೋ ವಿರುದ್ಧವೋ
ವಕೀಲರು ಹೇಳಲಿ.

ಆಮೇಲೆ ನಾನು ಒಳಗೆ ಹೋದೆ, ಗುರುತಿನ ಚೀಟಿ ಹಿಡಿದು.
ವಿಲ್ಮಾ ಹಚ್‌ಕ್ರಾಫ್ಟ್, ಅರವತ್ತರ ಆಸುಪಾಸು,
ಕೊರಳು ಹಳೆಯ ಚಪ್ಪಲಿಯ ಅಟ್ಟೆ.
ಬಣ್ಣ ಬಯಲಾದವರು ಕೂಗಾಡುವುದನ್ನು ಕಂಡಿದ್ದೇನೆ,
ಈಕೆ ಕೂಗಲಿಲ್ಲ.
ಒದ್ದೆ ಬಟ್ಟೆಯಿಂದ ಕೌಂಟರ್ ಒರೆಸುತ್ತಲೇ ಇದ್ದರು.
"ಆ ಹುಡುಗಿ ನಿಮ್ಮವಳಾ?"
ಹೌದು.
"ಕೈ ನಡುಗುತ್ತಿತ್ತು.
ಚಳಿ ಅಂದುಕೊಂಡೆ."

ಮರಳುವ ದಾರಿ. ಹಡಗುಕಟ್ಟೆಯ ಬಳಿ ಕೆಂಪು ದೀಪ.
ಬ್ರೈಯನಿ ತೋಳು ಮಡಿಸಿ ಮೊಣಕೈವರೆಗೆ
ತನ್ನನ್ನೇ ನೋಡಿಕೊಂಡಳು.
"ಮಾರ್ಚಿಗೆ ಅಕ್ಕನ ಮದುವೆ. ಆ ಬಣ್ಣದಲ್ಲಿ
ನಾನು ಚೆನ್ನಾಗಿ ಕಾಣುತ್ತಿದ್ದೆನಾ?"

ಕೇಳಿದರೆ ನಿಜ ಹೇಳಬೇಕೆಂಬ ನಿಯಮ
ಅವಳಿಗೆ ಮಾತ್ರ.
ನಾನು ಹೀಟರ್ ಹಚ್ಚಿದೆ.