ಎಂಟೂವರೆಯ ತನಕ

ಕುತೈಸಿಯಲ್ಲಿ, ಸೇತುವೆ ಪಕ್ಕದ ಹೋಟೆಲಿನಲ್ಲಿ
ಇಪ್ಪತ್ತಾರು ವರ್ಷ ಖಿಂಕಾಲಿ ಮಡಿಸಿದವಳು ನಾನು, ಮ್ಜೆವಿನಾರ್.
ಅಂಗೈಯಗಲ ಹಿಟ್ಟು, ನಡುವೆ ಮಾಂಸ, ಸುತ್ತ ನೆರಿಗೆ,
ಒಂದಕ್ಕೆ ಹತ್ತೊಂಬತ್ತು. ಎಣಿಸುತ್ತಿದ್ದದ್ದು ಬೆರಳು, ನಾನಲ್ಲ.
ನಾನು ಹರಟುತ್ತಿದ್ದೆ, ಬೈಯುತ್ತಿದ್ದೆ, ಒಲೆಯ ಕಡೆ ನೋಡುತ್ತಿದ್ದೆ.

ಮೊದಲು ಹದಿನೇಳಕ್ಕೆ ನಿಂತಿತು. ಆಮೇಲೆ ಹನ್ನೆರಡಕ್ಕೆ.
ಕುದಿವ ನೀರಲ್ಲಿ ಬಾಯ್ಬಿಟ್ಟು ಸಾರು ಕಳೆದುಕೊಂಡದ್ದೊಂದನ್ನು
ಯಜಮಾನ ಸೌಟಿನಲ್ಲೆತ್ತಿ ತೋರಿಸಿದ,
ಏನೂ ಅನ್ನಲಿಲ್ಲ.
ಒಳ್ಳೆಯವನೇ. ಅದಕ್ಕೇ ಹೆಚ್ಚು ನೋವಾಯಿತು.
ಊರೆಲ್ಲ ಕೈಕೊಟ್ಟರೂ ದುಡಿದು ತಿನ್ನಬಹುದು;
ಕೈಯೇ ಕೈಕೊಟ್ಟರೆ?

ಡಾಕ್ಟರು ಉದ್ದದ ಹೆಸರು ಹೇಳಿದರು.
ನನ್ನ ಮೈಯೇ ನನ್ನ ಕೀಲುಗಳನ್ನು ಕಚ್ಚುತ್ತಿದೆಯಂತೆ,
ಕಣ್ಣು ಹೋದ ಕಾವಲುನಾಯಿ
ಮನೆಯವರನ್ನೇ ಕಚ್ಚಿದ ಹಾಗೆ.
ನಾದಿನಿ ಅಂದಳು: ನಮಗಿಲ್ಲವೇ ಮಂಡಿನೋವು?
ಎಲೆಕೋಸಿನ ಎಲೆ ಕಟ್ಟಿಕೊ.
ಕಟ್ಟಿಕೊಂಡೆ. ಎಲೆ ಬಾಡಿತು.

ತ್ಸ್ಕಲ್ತುಬೊದ ಬುಗ್ಗೆಯ ನೀರು ಮೈಯಷ್ಟೇ ಬಿಸಿ.
ಇಳಿದರೆ ನಾನೆಲ್ಲಿ ಮುಗಿದೆ, ನೀರೆಲ್ಲಿ ಶುರು, ತಿಳಿಯದು.
ಸರದಿ ಕಾಯುವ ಬೆಂಚಿನಲ್ಲಿ ಸಿಕ್ಕಳು ನಾಜಿಬ್ರೋಲಾ,
ಮಕ್ಕಳಿಗೆ ಪಿಯಾನೋ ಕಲಿಸುತ್ತಿದ್ದವಳು.
ಕೈ ಕುಲುಕಲಿಲ್ಲ ಅವಳು.
ತನ್ನ ಅಂಗೈ ಸುಮ್ಮನೆ ಚಾಚಿದಳು, ಹಕ್ಕಿ ಬೇಕಾದರೆ ಕೂರಲಿ ಎಂಬಂತೆ.
ನನ್ನ ಕೈ ಹೋಗಿ ಕೂತಿತು.
‘ನಿಮಗೆ ಬೆಳಗ್ಗೆ ಎಷ್ಟಕ್ಕೆ ಬಿಡುತ್ತೆ?’
‘ಎಂಟೂವರೆ.’
‘ನಂದೂ.’
ಎರಡು ವರ್ಷ ಯಾರಿಗೆ ಎಷ್ಟು ಹೇಳಿದರೂ ಮುಗಿಯದ ಮಾತು
ಅಲ್ಲಿಗೆ ಮುಗಿಯಿತು.

ಮೂರನೆಯವನು ಅನ್ಜೋರ್. ಬ್ರೆಡ್ಡಿನ ವ್ಯಾನು ಓಡಿಸುತ್ತಾನೆ,
ಚಾವಿ ತಿರುಗಿಸಲು ಜೇಬಲ್ಲಿ ಇಕ್ಕಳ.
ಇದು ಹೆಂಗಸರ ಕಾಯಿಲೆ ಎಂದು ಆರು ವರ್ಷ
ಹೆಂಡತಿಗೂ ಹೇಳಿರಲಿಲ್ಲ, ಅಂಗಿಯ ಗುಂಡಿ ಬಿಟ್ಟು
ಸ್ವೆಟರಿಗೆ ಬಂದದ್ದೇಕೆಂದು.

ಆಮೇಲೆ ನಮ್ಮ ಕಾನೂನು. ಬೆಳಗಿನ ಆರಕ್ಕೆ ಮಿಸ್ಡ್ ಕಾಲ್:
ಒಂದು ರಿಂಗು, ಎಚ್ಚರಾಯಿತು. ಎರಡು, ಕೂತೆ. ಮೂರು, ನಿಂತೆ.
ಫೋನು ಎತ್ತಬೇಕಿಲ್ಲ. ಒತ್ತಲು ಬೆರಳ ಗೆಣ್ಣು ಸಾಕು.
ಸೋಮವಾರ ರಾತ್ರಿ ಮೂವರಿಗೂ ವಾರದ ಮಾತ್ರೆ;
ಮಂಗಳವಾರ ಊಟದ ಸುದ್ದಿ ಎತ್ತಿದವರಿಗೆ ದಂಡ.

ಫೆಬ್ರವರಿಯ ಒಂದು ಮಂಗಳವಾರ, ನಾಜಿಬ್ರೋಲಾಳ ರಿಂಗಿಲ್ಲ.
ವ್ಯಾನಿನಲ್ಲಿ ಹೋದೆವು. ಮೂರನೇ ಮಹಡಿ, ಲಿಫ್ಟು ಕೆಟ್ಟಿದೆ.
ಮೆಟ್ಟಿಲಿಗೊಮ್ಮೆ ನಿಂತು, ಮೆಟ್ಟಿಲಿಗೊಮ್ಮೆ ಶಪಿಸಿ.
ಬಾಗಿಲ ಆಚೆಯಿಂದ ದನಿ: ‘ಇದ್ದೀನಿ.
ಫೋನು ಮಂಚದ ಕೆಳಗೆ ಬಿತ್ತು. ಬೀಗ ತಿರುಗ್ತಿಲ್ಲ.’
ಚಾವಿ ಒಳಗಡೆ. ಇಕ್ಕಳ ಹೊರಗಡೆ.
‘ಮೇಲಿನ ಮನೆ ಹುಡುಗನ ಕೈಲಿ ಒಡೆಸಲಾ?’
‘ಬೇಡ. ಬಾಗಿಲೇನು ತಪ್ಪು ಮಾಡಿದೆ? ಎಂಟೂವರೆಗೆ ಬಿಡುತ್ತೆ.’

ಕೂತೆವು, ಬಾಗಿಲಿನ ಎರಡೂ ಬದಿಗೆ.
ಅನ್ಜೋರ್ ತೆಳ್ಳನೆಯ ಲವಾಶ್ ರೊಟ್ಟಿಯೊಂದನ್ನು
ಕಾಗದದಲ್ಲಿ ಸುತ್ತಿ ಸಂದಿಯಡಿ ತೂರಿಸಿದ, ಟಪಾಲಿನ ಹಾಗೆ.
ಒಳಗಿಂದ ಅವಳು ಗೆಣ್ಣಿನಲ್ಲಿ ಬಾಗಿಲ ಮೇಲೆ
ಎಡಗೈಯ ಪಾಠ ಬಾರಿಸಿದಳು,
ಬಲಗೈ ನೀವೇ ಊಹಿಸಿಕೊಳ್ಳಿ ಅಂದಳು.
ಊಹಿಸಿಕೊಂಡೆವು. ಅನ್ಜೋರ್ ತಪ್ಪು ತಾಳಕ್ಕೆ ತಲೆ ತೂಗಿದ.

ಎಂಟೂವರೆ ಆಯಿತು. ಬಿಡಲಿಲ್ಲ.
ಯಾರೂ ಯಾರಿಗೂ ಧೈರ್ಯ ಹೇಳಲಿಲ್ಲ.
ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗ ಬೀಗ ಕಟ್ಟೆಂದಿತು.
ಬಾಗಿಲ ಕೀಲು ನರಳಿತು, ಅದಕ್ಕೂ ಇದೇ ರೋಗವೋ ಏನೋ.

ನಾವೀಗ ಮೆಟ್ಟಿಲಿಂದ ಏಳಬೇಕಿತ್ತು.
ಆಗಲಿಲ್ಲ, ಇಬ್ಬರಿಗೂ.
ರಾತ್ರಿಯಂಗಿಯಲ್ಲೇ ಹೊರಗೆ ಬಂದ ನಾಜಿಬ್ರೋಲಾ
ನಮ್ಮನ್ನು ನೋಡಿದಳು, ನಕ್ಕಳು,
ಗೋಡೆ ಹಿಡಿದು, ಮೆಲ್ಲಗೆ,
ನಮ್ಮ ಪಕ್ಕದಲ್ಲಿ ಕೂತಳು.